ಸಭಾಪಿತೃಗಳ ಬರಹಗಳು ಮತ್ತು ಪ್ರಾಟೆಸ್ಟಂಟ್ ಸುಧಾರಣೆ

ಕ್ರೈಸ್ತಧರ್ಮದ ಮೊದಲ ಶತಮಾನಗಳಲ್ಲಿ ಉಪದೇಶ, ಪತ್ರ ಮತ್ತು ಶಾಸ್ತ್ರವ್ಯಾಖ್ಯಾನಗಳ ಮೂಲಕ ಸಭೆಯ ನಂಬಿಕೆಗೆ ಖಚಿತ ರೂಪ ಕೊಟ್ಟ ಲೇಖಕರನ್ನು ಸಭಾಪಿತೃಗಳು ಎನ್ನುತ್ತಾರೆ. ಇಗ್ನೇಷಿಯಸ್, ಐರೇನಿಯಸ್, ಟರ್ಟುಲಿಯನ್, ಸಿಪ್ರಿಯನ್, ಕ್ರಿಸೊಸ್ಟಮ್, ಜೆರೋಮ್, ಅಗಸ್ಟೀನ್ ಇವರಲ್ಲಿ ಮುಖ್ಯರು. 16ನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಪೋಪರ ಅಧಿಕಾರ, ಪರಮಪ್ರಸಾದ, ಶುದ್ಧೀಕರಣಸ್ಥಳ ಮುಂತಾದ ಕ್ಯಾಥೋಲಿಕ್ ಬೋಧನೆಗಳ ಬಗ್ಗೆ ನಡೆದ ವಾದಗಳಲ್ಲಿ ಎರಡು ಪಕ್ಷಗಳೂ ಇವರ ಬರಹಗಳನ್ನು ಆಧಾರವಾಗಿ ಬಳಸಿದವು. ಸತ್ಯವೇದವೇ ಅಂತಿಮ ಪ್ರಮಾಣವೆಂದು ಸಾರಿದ ಪ್ರಾಟೆಸ್ಟಂಟರು ಪ್ರಾಚೀನರನ್ನು ಕಡೆಗಣಿಸಿದರೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಅವರ ಪ್ರಮುಖ ಪಂಡಿತರು ಪಿತೃಗಳನ್ನು ಆಳವಾಗಿ ಅಭ್ಯಸಿಸಿದ್ದರು. ಅವರ ದೃಷ್ಟಿಯಲ್ಲಿ ಪಿತೃಗಳು ಗೌರವಾರ್ಹ ಸಾಕ್ಷಿಗಳು. ತೀರ್ಪು ಕೊಡುವ ನ್ಯಾಯಾಧೀಶರಲ್ಲ.

ಹಿನ್ನೆಲೆ

ಆ ಕಾಲದಲ್ಲಿ ಧರ್ಮದ ವಿಷಯದಲ್ಲಿ ಹೊಸದು ಎಂಬುದೇ ಒಂದು ದೋಷವಾಗಿತ್ತು. ಸುಧಾರಕರು ಹೊಸ ಮತವನ್ನು ಹುಟ್ಟುಹಾಕುತ್ತಿದ್ದಾರೆ ಎಂಬ ಆರೋಪಕ್ಕೆ ಉತ್ತರ ಕೊಡಬೇಕಾದರೆ ಪ್ರಾಚೀನ ಸಭೆ ತಮ್ಮ ಕಡೆಗಿದೆಯೆಂದು ಅವರು ತೋರಿಸಬೇಕಾಗಿತ್ತು. ಮುದ್ರಣಕಲೆ ಇದಕ್ಕೆ ನೆರವಾಯಿತು. ಬಾಸೆಲ್ ನಗರದಲ್ಲಿ 1506ರಲ್ಲಿ ಅಗಸ್ಟೀನನ ಸಮಗ್ರ ಕೃತಿಗಳೂ 1516ರಲ್ಲಿ ಎರಾಸ್ಮಸ್ ಸಂಪಾದಿಸಿದ ಜೆರೋಮನ ಕೃತಿಗಳೂ ಅಚ್ಚಾದವು. 1519ರ ಲೈಪ್‌ಜಿಗ್ ವಾದದಲ್ಲಿ ಲೂಥರನು ಯೋಹಾನ್ ಎಕ್‌ಗೆ ಎದುರಾಗಿ ನಿಂತು, ರೋಮಿನ ಪರಮಾಧಿಕಾರಕ್ಕೆ ಇರುವ ಆಧಾರ ಕಳೆದ 400 ವರ್ಷಗಳ ಪೋಪರ ಆಜ್ಞೆಗಳು ಮಾತ್ರ, ಅದಕ್ಕೂ ಹಿಂದಿನ ಇತಿಹಾಸ ಅದಕ್ಕೆ ವಿರುದ್ಧವಾಗಿದೆ ಎಂದು ವಾದಿಸಿದ. 1536ರ ಲೋಸಾನ್ ವಾದದಲ್ಲಿ, ಸುಧಾರಕರು ಪಿತೃಗಳನ್ನು ತಿರಸ್ಕರಿಸುತ್ತಾರೆಂಬ ಆಕ್ಷೇಪ ಬಂದಾಗ, ಕ್ಯಾಲ್ವಿನ್ ಟರ್ಟುಲಿಯನ್, ಕ್ರಿಸೊಸ್ಟಮ್ ಮತ್ತು ಅಗಸ್ಟೀನರ ಮಾತುಗಳನ್ನು ನೆನಪಿನಿಂದಲೇ ಉದಾಹರಿಸಿ ಉತ್ತರಿಸಿದ.

ಕ್ಯಾಥೋಲಿಕ್ ಸಭೆಯೂ ತನ್ನ ನಿಲುವನ್ನು ಸ್ಪಷ್ಟಪಡಿಸಿತು. ಪಿತೃಗಳ ಸರ್ವಸಮ್ಮತ ಅಭಿಪ್ರಾಯಕ್ಕೆ ವಿರುದ್ಧವಾಗಿ ಶಾಸ್ತ್ರವನ್ನು ಯಾರೂ ಅರ್ಥೈಸಬಾರದೆಂದು ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ವಿಧಿಸಿತು. ಅಂಥ ಸರ್ವಸಮ್ಮತಿ ಯಾವ ವಿಷಯದಲ್ಲಿ ಇತ್ತು ಎಂಬುದೇ ಮುಂದೆ ವಾದದ ತಿರುಳಾಯಿತು.

ಜುವೆಲನ ಸವಾಲು

ಇಂಗ್ಲೆಂಡಿನ ಜಾನ್ ಜುವೆಲ್ (1522–1571) 1559ರ ನವೆಂಬರ್ 26ರಂದು ಲಂಡನ್ನಿನ ಪಾಲ್ಸ್ ಕ್ರಾಸ್‌ನಲ್ಲಿ ಮಾಡಿದ ಉಪದೇಶ ಈ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಕ್ರಿಸ್ತನ ನಂತರದ ಮೊದಲ 600 ವರ್ಷಗಳಲ್ಲಿ ಒಂಟಿ ಬಲಿಪೂಜೆ, ಜನರಿಗೆ ರೊಟ್ಟಿಯನ್ನು ಮಾತ್ರ ಕೊಡುವ ಪದ್ಧತಿ, ಜನರಿಗೆ ಅರಿಯದ ಭಾಷೆಯಲ್ಲಿ ಪ್ರಾರ್ಥನೆ, ರೋಮಿನ ಬಿಷಪನಿಗೆ ಸಾರ್ವತ್ರಿಕ ಬಿಷಪನೆಂಬ ಬಿರುದು ಮುಂತಾದವು ಇದ್ದುವೆಂದು ಶಾಸ್ತ್ರದಿಂದಾಗಲಿ ಪಿತೃಗಳಿಂದಾಗಲಿ ಮಹಾಸಭೆಗಳಿಂದಾಗಲಿ ಒಂದೇ ಒಂದು ಸ್ಪಷ್ಟ ವಾಕ್ಯವನ್ನು ತೋರಿಸಿದರೂ ತಾನು ಸೋಲೊಪ್ಪುವುದಾಗಿ ಆತ ಘೋಷಿಸಿದ. ಲೂವೆನ್‌ನಲ್ಲಿ ನೆಲೆಸಿದ್ದ ಥಾಮಸ್ ಹಾರ್ಡಿಂಗ್ 1564ರಲ್ಲಿ ಇದಕ್ಕೆ ಉತ್ತರ ಬರೆದ. ಜುವೆಲ್ 1565ರಲ್ಲಿ ಪ್ರತ್ಯುತ್ತರ ಕೊಟ್ಟ.

ಬಲಿಪೂಜೆ ನಡೆಯುತ್ತಿದ್ದರೂ ಪ್ರಸಾದ ಸ್ವೀಕರಿಸಲು ಯಾರೂ ಮುಂದೆ ಬರುವುದಿಲ್ಲ ಎಂದು ಕ್ರಿಸೊಸ್ಟಮ್ ಒಮ್ಮೆ ಮರುಗಿದ್ದ. ಪುರೋಹಿತನೊಬ್ಬನೇ ಪ್ರಸಾದ ಸೇವಿಸುವ ಪದ್ಧತಿ ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿ ಎಂದು ಹಾರ್ಡಿಂಗ್ ಹೇಳಿದ. ಜುವೆಲ್ ಅದೇ ಮಾತನ್ನು ಆ ಪದ್ಧತಿಯ ಖಂಡನೆಯೆಂದು ಓದಿದ.

ವಿವಾದಿತ ಬೋಧನೆಗಳು

ಪೋಪರ ಅಧಿಕಾರ: ಐರೇನಿಯಸ್ ರೋಮಿನ ಸಭೆಗೆ ಕೊಟ್ಟ ವಿಶೇಷ ಸ್ಥಾನವನ್ನು ಕ್ಯಾಥೋಲಿಕರು ಎತ್ತಿ ತೋರಿಸಿದರು. ಮರುದೀಕ್ಷಾಸ್ನಾನದ ಪ್ರಶ್ನೆಯಲ್ಲಿ ಸಿಪ್ರಿಯನ್ ರೋಮಿನ ಬಿಷಪ್ ಸ್ಟೀಫನನನ್ನು ವಿರೋಧಿಸಿದ್ದನ್ನೂ, ಪೋಪ್ ಒಂದನೆಯ ಗ್ರೆಗರಿ ಸಾರ್ವತ್ರಿಕ ಬಿಷಪ್ ಎಂಬ ಬಿರುದನ್ನು ನಿರಾಕರಿಸಿದ್ದನ್ನೂ ಪ್ರಾಟೆಸ್ಟಂಟರು ಮುಂದಿಟ್ಟರು. ಅದೇ ಗ್ರೆಗರಿ ರೋಮಿನ ಪೀಠಕ್ಕೆ ಇತರ ಸಭೆಗಳ ಮೇಲೆ ಮೇಲ್ವಿಚಾರಣೆಯ ಹಕ್ಕಿದೆಯೆಂದು ನಂಬಿದ್ದನೆಂಬುದು ಕ್ಯಾಥೋಲಿಕರ ಉತ್ತರ.

ಪರಮಪ್ರಸಾದ: ಇದು ಕ್ರಿಸ್ತನ ಶರೀರವೇ ಎಂಬ ಇಗ್ನೇಷಿಯಸನ ಮಾತು, ರೊಟ್ಟಿ ಮಾರ್ಪಡುತ್ತದೆಂಬ ಆಂಬ್ರೋಸನ ಬೋಧನೆ ಒಂದು ಕಡೆ, ಸಂಸ್ಕಾರಗಳನ್ನು ಸಂಕೇತಗಳೆಂದ ಅಗಸ್ಟೀನ್, ರೊಟ್ಟಿಯ ಸ್ವಭಾವ ಉಳಿಯುತ್ತದೆಂದ ಥಿಯೊಡೊರೆಟ್ ಇನ್ನೊಂದು ಕಡೆ. ಪ್ರಾಟೆಸ್ಟಂಟರಲ್ಲಿಯೂ ಇಲ್ಲಿ ಒಮ್ಮತವಿರಲಿಲ್ಲ. 1530ರಲ್ಲಿ ಮೆಲಾಂಕ್ಥನ್ ಲೂಥರನ ಪಕ್ಷಕ್ಕೆ ಪಿತೃವಾಕ್ಯಗಳನ್ನು ಸಂಗ್ರಹಿಸಿದರೆ, ಇಕೊಲಂಪಾಡಿಯಸ್ ಅದೇ ವರ್ಷ ಪಿತೃಗಳಿಂದಲೇ ಎದುರು ವಾದ ಹೂಡಿದ.

ಮೃತರಿಗಾಗಿ ಪ್ರಾರ್ಥನೆ: ಅಗಸ್ಟೀನ್ ತನ್ನ ತಾಯಿ ಮೋನಿಕಾಳ ಆತ್ಮಕ್ಕಾಗಿ ಪ್ರಾರ್ಥಿಸಿದ್ದು ಪ್ರಾಟೆಸ್ಟಂಟರಿಗೆ ಕಠಿಣವಾದ ಸಾಕ್ಷ್ಯ. ಈ ರೂಢಿ 1300 ವರ್ಷಗಳಷ್ಟು ಹಳೆಯದೆಂದು ಕ್ಯಾಲ್ವಿನ್ ಒಪ್ಪಿಕೊಂಡ. ಆದರೆ ಶಾಸ್ತ್ರದ ಆಜ್ಞೆಯಿಲ್ಲದ ರೂಢಿ ಎಷ್ಟೇ ಹಳೆಯದಾದರೂ ಪ್ರಮಾಣವಾಗದೆಂದ. ಸಾಕ್ಷಿಗೂ ನ್ಯಾಯಾಧೀಶನಿಗೂ ಸುಧಾರಕರು ಮಾಡಿದ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ.

ಶಾಸ್ತ್ರಗ್ರಂಥಗಳ ಪಟ್ಟಿ: ಹೀಬ್ರೂ ಪಟ್ಟಿಯಲ್ಲಿಲ್ಲದ ಗ್ರಂಥಗಳನ್ನು ಬೇರೆಯಾಗಿಟ್ಟ ಜೆರೋಮನನ್ನು ಪ್ರಾಟೆಸ್ಟಂಟರು ಅನುಸರಿಸಿದರು. ಅವನ್ನು ಒಪ್ಪಿದ ಅಗಸ್ಟೀನ್ ಮತ್ತು 397ರ ಕಾರ್ಥೇಜ್ ಸಭೆ ಕ್ಯಾಥೋಲಿಕರ ಆಧಾರ.

ಪಾಠ ಪರಿಶೋಧನೆ

ವಾದದ ಒತ್ತಡದಿಂದ ಹಳೆಯ ಬರಹಗಳ ಸಾಚಾತನವನ್ನು ಪರೀಕ್ಷಿಸುವ ಶಾಸ್ತ್ರ ಬೆಳೆಯಿತು. ಆದಿಕಾಲದ ಪೋಪರ ಹೆಸರಿನಲ್ಲಿದ್ದ ಹಲವು ಆಜ್ಞಾಪತ್ರಗಳು ನಕಲಿಯೆಂದು ಡೇವಿಡ್ ಬ್ಲೋಂಡೆಲ್ 1628ರಲ್ಲಿ ವಿವರವಾಗಿ ತೋರಿಸಿದ. ಇಗ್ನೇಷಿಯಸನ ಪತ್ರಗಳಲ್ಲಿ ನಂತರದ ಸೇರ್ಪಡೆಗಳನ್ನು ಬೇರ್ಪಡಿಸುವ ಲ್ಯಾಟಿನ್ ಪಾಠವನ್ನು ಜೇಮ್ಸ್ ಅಶರ್ 1644ರಲ್ಲಿ ಪ್ರಕಟಿಸಿದ. ಐಸಾಕ್ ವಾಸಿಯಸ್ 1646ರಲ್ಲಿ ಅದಕ್ಕೆ ಸಂವಾದಿಯಾದ ಗ್ರೀಕ್ ಪಾಠವನ್ನು ಹೊರತಂದ. ಈ ಫಲ ಯಾವಾಗಲೂ ಒಂದೇ ಪಕ್ಷಕ್ಕೆ ಒದಗಲಿಲ್ಲ. ಬಿಷಪರ ಪದವಿಯನ್ನು ಎತ್ತಿಹಿಡಿಯುವ ಈ ಪತ್ರಗಳನ್ನು ಫ್ರಾನ್ಸಿನ ಪ್ರಾಟೆಸ್ಟಂಟ್ ಜಾನ್ ಡಾಲಿಯೆ 1666ರಲ್ಲಿ ನಿರಾಕರಿಸಿದರೆ, ಇಂಗ್ಲೆಂಡಿನ ಜಾನ್ ಪಿಯರ್‌ಸನ್ 1672ರಲ್ಲಿ ಸಮರ್ಥಿಸಿದ. ಪಿತೃಗಳ ಪಾಠಗಳು ಕಲುಷಿತವಾಗಿವೆ, ಅವರು ಪರಸ್ಪರ ಭಿನ್ನವಾಗಿ ಹೇಳುತ್ತಾರೆ, ನಂತರದ ಶತಮಾನಗಳ ಪ್ರಶ್ನೆಗಳು ಅವರ ಮುಂದೆ ಇರಲಿಲ್ಲ. ಆದ್ದರಿಂದ ಅವರಿಂದ ವಿವಾದಗಳು ಇತ್ಯರ್ಥವಾಗಲಾರವು ಎಂದು ಡಾಲಿಯೆ 1632ರ ತನ್ನ ಗ್ರಂಥದಲ್ಲಿಯೇ ವಾದಿಸಿದ್ದ.

ನಂತರದ ಬೆಳವಣಿಗೆ

19ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಜಾನ್ ಹೆನ್ರಿ ನ್ಯೂಮನ್ ಆಂಗ್ಲಿಕನ್ ಸಭೆಯ ಬೇರುಗಳನ್ನು ಪಿತೃಗಳಲ್ಲಿ ಅರಸಿ, ಕೊನೆಗೆ 1845ರಲ್ಲಿ ಕ್ಯಾಥೋಲಿಕ್ ಸಭೆಯನ್ನು ಸೇರಿದ. ಬೋಧನೆಗಳು ಬೀಜದಂತೆ ಕಾಲಕ್ರಮದಲ್ಲಿ ಬೆಳೆಯುತ್ತವೆಂಬುದು ಆತನ ವಾದ. ಇದರಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು: ಪ್ರಾಚೀನರಲ್ಲಿ ಇತ್ತೋ ಇಲ್ಲವೋ ಎಂಬುದಕ್ಕಿಂತ, ಇದ್ದದ್ದು ಸರಿಯಾಗಿ ಬೆಳೆಯಿತೋ ಕೆಟ್ಟಿತೋ ಎಂಬುದು ಮುಖ್ಯವಾಯಿತು. ಇತ್ತ ಪ್ರಾಟೆಸ್ಟಂಟ್ ಇತಿಹಾಸಕಾರ ಫಿಲಿಪ್ ಶಾಫ್ 1886ರಿಂದ ನೈಸಿಯಾ ಸಭೆಯ ಕಾಲದ ಹಾಗೂ ನಂತರದ ಪಿತೃಗಳ ಕೃತಿಗಳನ್ನು ಇಂಗ್ಲಿಷಿನಲ್ಲಿ ಹೊರತರಲು ಮುಂದಾದ. ಆ ಸಂಪುಟಗಳನ್ನು ಇಂದು ಎರಡೂ ಸಭೆಗಳ ಓದುಗರು ಬಳಸುತ್ತಾರೆ.