‘ಒನ್ ಟ್ವೆಂಟಿ’ಯಿಂದ ಸೆನ್ಸರ್‌ಗೆ: ದೊಡ್ಡ ಚೌಕದ ದೊಡ್ಡ ಬೆಲೆ

ಮದುವೆಯ ಕಾಲ ಬಂತೆಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಸಿಗದು. ಸೀರೆ, ಚಿನ್ನ, ಪಾತ್ರೆ, ಲಗ್ನಪತ್ರಿಕೆ ಎಲ್ಲ ಮುಗಿದ ಮೇಲೆ ಪಟ್ಟಿಯಲ್ಲಿ ಉಳಿಯುವುದು ಫೋಟೋದವರು. ಆಲ್ಬಮ್ಮಿಗೆ ಎಷ್ಟು, ವಿಡಿಯೋಗೆ ಎಷ್ಟು ಎಂದು ಚೌಕಾಸಿ ನಡೆಯುತ್ತದೆ. ಆದರೆ ಸ್ಟುಡಿಯೋ ಮಾಲೀಕನ ತಲೆಯಲ್ಲಿ ಓಡುವ ಲೆಕ್ಕವೇ ಬೇರೆ. ಹೊಸ ಕ್ಯಾಮೆರಾಕ್ಕೆ ಸಾಲ ಮಾಡಬೇಕೆ? ನಾಲ್ಕೈದು ಲಕ್ಷ ರೂಪಾಯಿ ಸುರಿದು ‘ಮೀಡಿಯಂ ಫಾರ್ಮ್ಯಾಟ್’ ಕೊಂಡರೆ ಆ ಹಣ ಗಿರಾಕಿಯಿಂದ ಹಿಂದಿರುಗಿ ಬಂದೀತೆ?

ಹೆಸರು ಹೊಸದೆನಿಸಿದರೂ ವಸ್ತು ಹಳೆಯದೇ. ಹಿಂದಿನ ಛಾಯಾಗ್ರಾಹಕರು ಇದನ್ನು ‘ಒನ್ ಟ್ವೆಂಟಿ’ ಎಂದೇ ಕರೆಯುತ್ತಿದ್ದರು. ಕೊಡಕ್ ಕಂಪನಿ 1901ರಲ್ಲಿ ಹೊರತಂದ 120 ಅಳತೆಯ ಫಿಲ್ಮ್ ಸುರುಳಿ ಅದು. ಎದೆಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ನೋಡುವ ಎರಡು ಲೆನ್ಸಿನ ರೋಲಿಫ್ಲೆಕ್ಸ್, ಯಾಶಿಕಾ ಕ್ಯಾಮೆರಾಗಳಲ್ಲಿ ಒಂದು ಸುರುಳಿಗೆ ಹನ್ನೆರಡು ಚಿತ್ರ ಬರುತ್ತಿದ್ದವು. ನೆಗೆಟಿವ್ ದೊಡ್ಡದಾದ್ದರಿಂದ ಪೆನ್ಸಿಲ್ ಹಿಡಿದು ಮುಖದ ಕಲೆಗಳನ್ನು ಅದರ ಮೇಲೆಯೇ ತಿದ್ದಲು ಸಾಧ್ಯವಿತ್ತು.

ಇದು ಸಿರಿವಂತರ ಸೊತ್ತೇನೂ ಆಗಿರಲಿಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3 ಎಂಬ ಸಾಧಾರಣ ಡಬ್ಬಿ ಕ್ಯಾಮೆರಾ ಕೂಡ ಇದೇ ಸುರುಳಿಯನ್ನು ಬಳಸುತ್ತಿತ್ತು. ಸುರುಳಿಯ ಮೇಲೆ ಮೂಡುವ ಚೌಕದ ಒಂದೊಂದು ಬದಿ ಸುಮಾರು 56 ಮಿ.ಮೀ. ಮುಂದೆ ಮನೆಮನೆಗೆ ಬಂದ 35 ಮಿ.ಮೀ. ಫಿಲ್ಮಿನ ಚಿತ್ರದ ಅಳತೆ 36x24 ಮಿ.ಮೀ. ಅಂದರೆ ಮಧ್ಯಮ ವರ್ಗದ ಮನೆಯ ಡಬ್ಬಿ ಕ್ಯಾಮೆರಾದ ಚೌಕ ಅದರ ಮೂರೂವರೆ ಪಟ್ಟಿಗೂ ಮಿಕ್ಕಿದ್ದು!

ಅಂದು ಜನಸಾಮಾನ್ಯರ ಕೈಗೆಟುಕುತ್ತಿದ್ದ ಈ ವಿಸ್ತಾರ ಡಿಜಿಟಲ್ ಯುಗದಲ್ಲಿ ದುಬಾರಿಯಾದದ್ದು ಹೇಗೆ? ಫಿಲ್ಮಿನ ಜಾಗದಲ್ಲಿ ಸಿಲಿಕಾನ್ ಸೆನ್ಸರ್ ಬಂದದ್ದೇ ಇದಕ್ಕೆ ಕಾರಣ. ಫಿಲ್ಮನ್ನು ಬಟ್ಟೆಯ ಹಾಗೆ ಮಾರುಗಟ್ಟಲೆ ತಯಾರಿಸಿ, ಬೇಕಾದ ಅಗಲಕ್ಕೆ ಕತ್ತರಿಸಬಹುದು. ದೊಡ್ಡ ತುಂಡಿಗೆ ಅಷ್ಟೇ ಹೆಚ್ಚು ಬೆಲೆ. ಸಿಲಿಕಾನಿನ ಕತೆ ಹಾಗಲ್ಲ. ಸೆನ್ಸರುಗಳನ್ನು ದುಂಡನೆಯ ಬಿಲ್ಲೆಯೊಂದರ ಮೇಲೆ ರಚಿಸಿ ಆಮೇಲೆ ಕತ್ತರಿಸುತ್ತಾರೆ. ಒಂದು ಅಕ್ಕಿರೊಟ್ಟಿಯ ಮೇಲೆ ಅಲ್ಲಲ್ಲಿ ಹತ್ತು ಕರಿಚುಕ್ಕೆಗಳಿವೆ ಎಂದುಕೊಳ್ಳಿ. ಅದನ್ನು ನೂರು ಚೂರು ಮಾಡಿದರೆ ಹತ್ತು ಚೂರು ಕೆಟ್ಟರೂ ತೊಂಬತ್ತು ಚೊಕ್ಕಟವಾಗಿ ಉಳಿಯುತ್ತವೆ. ಹನ್ನೆರಡೇ ತುಂಡು ಮಾಡಿದರೆ? ಹೆಚ್ಚಿನವುಗಳಲ್ಲಿ ಒಂದಾದರೂ ಚುಕ್ಕೆ ಇದ್ದೇ ಇರುತ್ತದೆ. ದುಂಡು ಅಂಚಿನಲ್ಲಿ ವ್ಯರ್ಥವಾಗುವ ಭಾಗವೂ ಹೆಚ್ಚು. ಹೀಗಾಗಿ ಸೆನ್ಸರಿನ ಅಳತೆ ಇಮ್ಮಡಿಯಾದರೆ ಖರ್ಚು ಇಮ್ಮಡಿಗೂ ಮೇಲೇರುತ್ತದೆ.

ಕ್ಯಾಮೆರಾ ಕಂಪನಿಗಳ ವ್ಯಾಪಾರತಂತ್ರವೆಲ್ಲ ಹುಟ್ಟಿದ್ದು ಈ ಒಂದು ಸಂಗತಿಯಿಂದ. 1991ರಲ್ಲಿ ‘ಲೀಫ್’ ಕಂಪನಿ ದೊಡ್ಡ ಕ್ಯಾಮೆರಾಗಳ ಬೆನ್ನಿಗೆ ಜೋಡಿಸುವ ಡಿಜಿಟಲ್ ಸಾಧನವನ್ನು ತಂದಾಗ ಅದರ ಸಾಮರ್ಥ್ಯ 40 ಲಕ್ಷ ಚುಕ್ಕೆ, ಅಂದರೆ 4 ಮೆಗಾಪಿಕ್ಸೆಲ್ ಮಾತ್ರ. ಬಣ್ಣದ ಚಿತ್ರಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಸಲ ಕ್ಲಿಕ್ಕಿಸಬೇಕಿತ್ತು. ಅಲುಗಾಡುವ ಮನುಷ್ಯರಿಗೆ ಅದು ಹೊಂದುತ್ತಿರಲಿಲ್ಲ. ಆಮೇಲೆ ಬಂದ ‘ಸಿಸಿಡಿ’ ಸೆನ್ಸರುಗಳು ಬಣ್ಣದಲ್ಲಿ ಸೊಗಸು, ವೇಗದಲ್ಲಿ ಮಂದ. ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುತ್ತಿತ್ತು. ಜಾಹೀರಾತು ಸ್ಟುಡಿಯೋಗಳಂಥ ಕೆಲವೇ ಗಿರಾಕಿಗಳಿಗೆ ಭಾರೀ ಬೆಲೆಗೆ ಮಾರುವುದೇ ಆಗಿನ ದಾರಿ.

ಅಷ್ಟರಲ್ಲಿ ಕೆಳಗಿನಿಂದ ಒತ್ತಡ ಬಂತು. 2010ರಲ್ಲಿ ಬಂದ ಪೆಂಟಾಕ್ಸ್ 645ಡಿ ಕ್ಯಾಮೆರಾದಲ್ಲಿ ಇದ್ದದ್ದು 40 ಮೆಗಾಪಿಕ್ಸೆಲ್. ಎರಡೇ ವರ್ಷದಲ್ಲಿ ನಿಕಾನ್ ಡಿ800 ಎಂಬ 35 ಮಿ.ಮೀ. ಅಳತೆಯ ಕ್ಯಾಮೆರಾ 36 ಮೆಗಾಪಿಕ್ಸೆಲ್ ಕೊಟ್ಟಿತು, ಅದೂ ಸುಮಾರು 3 ಸಾವಿರ ಡಾಲರಿಗೆ. ದೊಡ್ಡದಕ್ಕೆ ದೊಡ್ಡ ಬೆಲೆ ಏಕೆ ಕೊಡಬೇಕೆಂದು ಗಿರಾಕಿ ಕೇಳತೊಡಗಿದ.

2014ರಲ್ಲಿ ಉತ್ತರ ಬಂದದ್ದು ಸೋನಿಯಿಂದ. ಅದು ತಯಾರಿಸಿದ 50 ಮೆಗಾಪಿಕ್ಸೆಲ್‌ನ ‘ಸಿಮಾಸ್’ ಸೆನ್ಸರ್ ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತಿತ್ತು. ಡೆನ್ಮಾರ್ಕಿನ ಫೇಸ್ ಒನ್, ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್, ಜಪಾನಿನ ಪೆಂಟಾಕ್ಸ್ ಮೂರೂ ಅದನ್ನೇ ಕೊಂಡವು. ತಮಾಷೆಯೆಂದರೆ, ಫೇಸ್ ಒನ್ ತನ್ನ ಸಾಧನಕ್ಕೆ ಸುಮಾರು 35 ಸಾವಿರ ಡಾಲರ್ ಬೆಲೆ ಕಟ್ಟಿದರೆ, ಪೆಂಟಾಕ್ಸ್ 645ಝಡ್ ಇಡೀ ಕ್ಯಾಮೆರಾವನ್ನು 8,499 ಡಾಲರಿಗೆ ಕೊಟ್ಟಿತು. ಹೃದಯ ಒಂದೇ ಆದ ಮೇಲೆ ಕಂಪನಿಗಳು ಮಾರಬೇಕಾದದ್ದು ಲೆನ್ಸ್, ಸಾಫ್ಟ್‌ವೇರ್, ಸೇವೆ ಮತ್ತು ಹೆಸರನ್ನು.

ಈ ಪಾಠವನ್ನು ಚೆನ್ನಾಗಿ ಕಲಿತದ್ದು ಫ್ಯೂಜಿಫಿಲ್ಮ್. ಕ್ಯಾನನ್, ನಿಕಾನ್, ಸೋನಿ ಕಾದಾಡುತ್ತಿದ್ದ 35 ಮಿ.ಮೀ. ಅಳತೆಯ ಅಖಾಡಕ್ಕೆ ಅದು ಇಳಿಯಲೇ ಇಲ್ಲ. ಅದಕ್ಕಿಂತ ಚಿಕ್ಕ ಸೆನ್ಸರಿನದೊಂದು ಸಾಲು, ದೊಡ್ಡ ಸೆನ್ಸರಿನದೊಂದು ಸಾಲು ಇಟ್ಟುಕೊಂಡು ನಡುವಿನದನ್ನು ಬಿಟ್ಟಿತು. 2017ರಲ್ಲಿ ಜಿಎಫ್ಎಕ್ಸ್ 50ಎಸ್ ಕ್ಯಾಮೆರಾವನ್ನು 6,499 ಡಾಲರಿಗೆ ಬಿಡುಗಡೆ ಮಾಡಿತು. 2024ರ ಜಿಎಫ್ಎಕ್ಸ್ 100ಎಸ್-2ರ ಹೊತ್ತಿಗೆ 100 ಮೆಗಾಪಿಕ್ಸೆಲ್ ಕ್ಯಾಮೆರಾ 4,999 ಡಾಲರಿಗೆ ಇಳಿದಿತ್ತು. ಫೇಸ್ ಒನ್ ಇನ್ನೂ ದೊಡ್ಡ ಸೆನ್ಸರನ್ನು ಹಿಡಿದು ವಿಮಾನದಿಂದ ಭೂಸಮೀಕ್ಷೆ, ಪುರಾತನ ದಾಖಲೆಗಳ ನಕಲು ಮುಂತಾದ ಕೆಲಸಗಳತ್ತ ಹೊರಳಿತು.

ಇಲ್ಲಿ ಗಿರಾಕಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೆಲೆ ಇಳಿದ ಈ ಕ್ಯಾಮೆರಾಗಳ ಸೆನ್ಸರ್ ಸುಮಾರು 44x33 ಮಿ.ಮೀ. 35 ಮಿ.ಮೀ. ಅಳತೆಗಿಂತ ಸುಮಾರು 1.7 ಪಟ್ಟು ದೊಡ್ಡದು, ನಿಜ. ಆದರೆ ಅಗ್ಫಾ ಕ್ಲಿಕ್‌ನ ಹಳೆಯ ಚೌಕದ ಅರ್ಧಕ್ಕಿಂತಲೂ ಕಡಿಮೆ. ಹೆಸರು ಹಳೆಯದು, ಅಳತೆ ಹೊಸದು. ವ್ಯತ್ಯಾಸ ಎದ್ದುಕಾಣುವಷ್ಟು ದೊಡ್ಡದಾಗಿ, ಬೆಲೆ ಕೈಗೆಟುಕುವಷ್ಟು ಚಿಕ್ಕದಾಗಿ ಆಯ್ದ ಅಳತೆ ಅದು. ಅಲ್ಲದೆ, ಕ್ಯಾಮೆರಾ ಕೊಂಡವರು ಅದಕ್ಕೆ ಹೊಂದುವ ಲೆನ್ಸುಗಳನ್ನೂ ಕೊಳ್ಳಬೇಕು. ಅವುಗಳಲ್ಲಿ ಬಹುಪಾಲಿನ ಬೆಲೆ ಒಂದರಿಂದ ಮೂರು ಸಾವಿರ ಡಾಲರ್. ಎರಡು ಮೂರು ಲೆನ್ಸ್ ಸೇರಿದರೆ ಸಾಲದ ಮೊತ್ತ ಇಮ್ಮಡಿಯಾಗಲು ಹೆಚ್ಚು ಹೊತ್ತು ಬೇಡ.

ಮತ್ತೆ ಗಾಂಧಿ ಬಜಾರಿನ ಲೆಕ್ಕಕ್ಕೆ ಬರೋಣ. ಮದುವೆ ಆಲ್ಬಮ್ಮಿನ 12x18 ಅಂಗುಲದ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಲು ಬೇಕಾಗುವುದು ಸುಮಾರು 1 ಕೋಟಿ 94 ಲಕ್ಷ ಚುಕ್ಕೆಗಳು. 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ಯಾಮೆರಾ ಇಷ್ಟನ್ನು ಕೊಟ್ಟು ಮಿಗಿಸುತ್ತದೆ. ಮೊಬೈಲಿನಲ್ಲಿ ನೋಡುವವರಿಗಂತೂ ವ್ಯತ್ಯಾಸ ಕಾಣುವುದೇ ಇಲ್ಲ. ದೊಡ್ಡ ಸೆನ್ಸರಿನ ಗುಣ ಗೊತ್ತಾಗುವುದು ಜರಿಯ ಎಳೆ ಎಣಿಸಬೇಕಾದ ಸೀರೆ ಜಾಹೀರಾತಿನಲ್ಲಿ, ಆಭರಣದ ಕ್ಯಾಟಲಾಗಿನಲ್ಲಿ, ಗೋಡೆಯಗಲದ ಮುದ್ರಣದಲ್ಲಿ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇರುವಂಥ ತಾಳೆಗರಿ ಗ್ರಂಥಗಳನ್ನು ಅಕ್ಷರ ಮಾಸದಂತೆ ಚಿತ್ರಕ್ಕಿಳಿಸಲು ಕೂಡ ಅದು ನಿಜವಾಗಿ ಒದಗುತ್ತದೆ.

ಅಂಥ ಕೆಲಸ ಕೈಯಲ್ಲಿದ್ದವರಿಗೆ ಸಾಲಕ್ಕೆ ಅರ್ಥವಿದೆ. ಮದುವೆ ಮನೆಯನ್ನೇ ನೆಚ್ಚಿದವರು ಅಂಗಡಿಯವನು ಮೆಗಾಪಿಕ್ಸೆಲ್ ಎಣಿಸುವಾಗ ತಮ್ಮ ಆಲ್ಬಮ್ಮಿನ ಅಂಗುಲಗಳನ್ನು ಎಣಿಸಿಕೊಳ್ಳುವುದು ಮೇಲು.