ಓದು ಮುಗಿಸಿ ಹೋದವರು ಮುಂದೆ ಏನಾದರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಸುಳ್ಯ, ಪುತ್ತೂರು, ಕಡಬದ ಶಾಲೆಗಳ ಶೇಕಡಾವಾರು ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಹೊಲಿಗೆ ತರಬೇತಿ ಮುಗಿದರೆ ಪ್ರಮಾಣಪತ್ರ ವಿತರಣೆಯ ಫೋಟೋ ಬರುತ್ತದೆ. ಹತ್ತು ವರ್ಷ ಕಳೆದ ಮೇಲೆ ಆ ಮಕ್ಕಳು, ಆ ಹೆಂಗಸರು ಎಲ್ಲಿದ್ದಾರೆ, ಕಲಿತದ್ದು ಅವರ ಕೈ ಹಿಡಿಯಿತೇ ಎಂಬ ಸುದ್ದಿ ಮಾತ್ರ ಎಲ್ಲೂ ಕಾಣುವುದಿಲ್ಲ. ಶಾಲೆ, ಹಾಸ್ಟೆಲ್, ಅಂಗನವಾಡಿ, ತರಬೇತಿ ಕೇಂದ್ರ ಇವೆಲ್ಲ ಇರುವುದು ಬದುಕು ಸುಧಾರಿಸಲಿ ಎಂದು. ಸುಧಾರಿಸಿತೇ ಎಂದು ತಿಳಿಯುವ ದಾರಿಯೇ ಅನುಸರಣಾ ಅಧ್ಯಯನ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಾತ್ರ ಸಾಧ್ಯವಾಗುವ ಕೆಲಸ ಇದಲ್ಲ. ಕ್ರಮ ಗೊತ್ತಿದ್ದರೆ ಒಂದು ಹೈಸ್ಕೂಲೂ ಮಾಡಬಹುದು.

ಕೆಲಸ ಶುರುವಾಗುವುದು ಮೊದಲ ದಿನವೇ

ಐದು ವರ್ಷದ ನಂತರ ಒಬ್ಬರನ್ನು ಹುಡುಕಬೇಕಾದರೆ ಇವತ್ತು ಸರಿಯಾಗಿ ಬರೆದಿಟ್ಟುಕೊಂಡಿರಬೇಕು. ನಮ್ಮ ಕಡೆ ಹಳೆಯ ದಾಖಲಾತಿ ಪುಸ್ತಕ ತೆರೆದರೆ ತೊಡಕು ಏನೆಂದು ಕೂಡಲೇ ತಿಳಿಯುತ್ತದೆ. ದೂರವಾಣಿಯ ಅಂಕಣದಲ್ಲಿ 08257ರಿಂದ ಶುರುವಾಗುವ ಸ್ಥಿರ ದೂರವಾಣಿ ಸಂಖ್ಯೆ ಇರುತ್ತದೆ. ಆ ಫೋನು ಮನೆಯಿಂದ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಸುಬ್ರಹ್ಮಣ್ಯದ ಹುಡುಗನ ವಿಳಾಸದಲ್ಲಿ ಸುಳ್ಯ ತಾಲೂಕು ಎಂದಿರುತ್ತದೆ. ಕಡಬ ಹೊಸ ತಾಲೂಕಾದ ಮೇಲೆ ಅದೇ ಮನೆ ಕಡಬಕ್ಕೆ ಸೇರಿದೆ. ಹುಡುಗಿಯ ಹೆಸರಿನ ಮುಂದೆ ತಂದೆಯ ಹೆಸರು ಮಾತ್ರ ಇರುತ್ತದೆ. ಮದುವೆಯಾದ ಮೇಲೆ ಅವಳ ಊರು, ಮನೆ ಹೆಸರು, ಫೋನ್ ನಂಬರ್ ಎಲ್ಲವೂ ಬೇರೆ. ಆಗ ದಾರಿ ತೋರಿಸುವುದು ತವರಿನವರು: "ಅವಳನ್ನು ಮಡಿಕೇರಿ ಕಡೆಗೆ ಕೊಟ್ಟದ್ದಲ್ವಾ ಮೇಡಂ, ನಂಬರ್ ತಮ್ಮನ ಹತ್ತಿರ ಉಂಟು."

ಆದ್ದರಿಂದ ಮೊದಲ ದಾಖಲೆಯಲ್ಲಿ ಮನೆ ಹೆಸರು, ತಾಯಿಯ ಹೆಸರು, ತಾಯಿಯ ತವರು ಬೇಕು. ಮನೆ ಬದಲಾದರೂ ಸಂಪರ್ಕದಲ್ಲಿ ಇರುವಂಥ ಮೂವರ ನಂಬರ್ ಬೇಕು. ಅಜ್ಜಿ ಮನೆ, ಸೋದರಮಾವ, ಹತ್ತಿರದ ಅಂಗಡಿಯವರು, ಯಾರಾದರೂ ಆದೀತು. ಇದರ ಜೊತೆಗೆ ಆ ದಿನದ ಸ್ಥಿತಿಯನ್ನೂ ಬರೆಯಬೇಕು: ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ, ಆದಾಯ ಎಲ್ಲಿಂದ, ಮಗುವಿನ ಓದು ಯಾವ ಮಟ್ಟದಲ್ಲಿದೆ. ಎಲ್ಲಿಂದ ಹೊರಟರು ಎಂದು ಗೊತ್ತಿಲ್ಲದಿದ್ದರೆ ಎಷ್ಟು ಮುಂದೆ ಬಂದರು ಎಂದು ಹೇಳಲಾಗದು.

ಒಳ್ಳೆಯ ದಾಖಲೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಊರಿನಲ್ಲಿ ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೂ ಇರುವ ನಂಟನ್ನು ಪರಿಶೀಲಿಸಿದರು. ಬರೆದಿಟ್ಟ ದಾದಿಯರಿಗೆ ಇಂಥದ್ದೊಂದು ಉಪಯೋಗ ಬಂದೀತೆಂಬ ಅಂದಾಜೂ ಇದ್ದಿರಲಾರದು.

ಯಾರಿಗೆ ಹೋಲಿಸಿ?

"ನಮ್ಮಲ್ಲಿ ಕಲಿತವರು ಚೆನ್ನಾಗಿದ್ದಾರೆ" ಎಂದರೆ ಸಾಲದು. ಕಲಿಯದೇ ಇದ್ದಿದ್ದರೆ ಹೇಗಿರುತ್ತಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕಾಗಿ ಅದೇ ಬಗೆಯ ಮನೆಗಳಿಂದ ಬಂದ, ಆ ಸೌಲಭ್ಯ ಸಿಗದ ಇನ್ನೊಂದು ಗುಂಪನ್ನೂ ಅಷ್ಟೇ ಕಾಲ ಗಮನಿಸಬೇಕು.

ನಮ್ಮ ರಾಜ್ಯದ ಸಮತಾ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹೈಸ್ಕೂಲು ಬಿಡದಂತೆ, ಬಾಲ್ಯವಿವಾಹಕ್ಕೆ ಒಳಗಾಗದಂತೆ ನೋಡಿಕೊಳ್ಳಲು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಒಂದು ಕಾರ್ಯಕ್ರಮ ನಡೆಸಿತು. 80 ಹಳ್ಳಿಗಳನ್ನು ಆರಿಸಿ, 40ರಲ್ಲಿ ಕಾರ್ಯಕ್ರಮ ನಡೆಸಿ, ಉಳಿದ 40ನ್ನು ಹೋಲಿಕೆಗೆ ಇಟ್ಟುಕೊಂಡರು. 2014ರಿಂದ 2017ರವರೆಗೆ ಹುಡುಗಿಯರನ್ನು ಗಮನಿಸಿದರು. ಕೊನೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಮತ್ತೆ ಸಿಕ್ಕರು. ಶಾಲೆ ಬಿಡುವುದೂ ಬಾಲ್ಯವಿವಾಹವೂ ಮೊದಲಿನ ಅಂದಾಜಿಗಿಂತ ಬಹಳ ಕಡಿಮೆಯಾಗಿದ್ದವು. ಆದರೆ ಎರಡೂ ಗುಂಪುಗಳಲ್ಲಿ ಹಾಗೆಯೇ ಇತ್ತು. ಕಾರ್ಯಕ್ರಮದಿಂದಾದ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆ 40 ಹಳ್ಳಿಗಳ ಹೋಲಿಕೆ ಇಲ್ಲದೆ ಹೋಗಿದ್ದರೆ ಕಾಲದೊಂದಿಗೆ ತಾನಾಗಿ ಬಂದ ಬದಲಾವಣೆಯನ್ನೇ ಕಾರ್ಯಕ್ರಮದ ಗೆಲುವು ಎಂದು ಬರೆದುಬಿಡುತ್ತಿದ್ದರು. ಫಲಿತಾಂಶ ತಮ್ಮ ಪರವಾಗಿ ಬರದಿದ್ದರೂ ಪ್ರಕಟಿಸಿದ್ದು ಈ ಕೆಲಸದ ದೊಡ್ಡತನ.

ಎಷ್ಟು ವರ್ಷ ಕಾಯಬೇಕು?

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಶುರುವಾದ ಪೆರಿ ಶಿಶುವಿಹಾರದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಬಡ ಕರಿಯ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಶಿಶುವಿಹಾರ, 65 ಮಂದಿಗೆ ಇಲ್ಲ. ಮೊದಮೊದಲು ಶಿಶುವಿಹಾರದ ಮಕ್ಕಳ ಬುದ್ಧಿಮತ್ತೆಯ ಅಂಕ ಏರಿತು. ಪ್ರಾಥಮಿಕ ಶಾಲೆಯ ಕೆಲವೇ ವರ್ಷಗಳಲ್ಲಿ ಆ ವ್ಯತ್ಯಾಸ ಅಳಿಸಿಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ದುಡ್ಡು ದಂಡ ಎನ್ನುತ್ತಿದ್ದರು. ಅವರು ನಿಲ್ಲಿಸಲಿಲ್ಲ. 40ನೇ ವಯಸ್ಸಿಗೆ ಬರುವಾಗ, ವರ್ಷಕ್ಕೆ 20,000 ಡಾಲರಿಗಿಂತ ಹೆಚ್ಚು ದುಡಿಯುವವರು ಶಿಶುವಿಹಾರದ ಗುಂಪಿನಲ್ಲಿ ನೂರಕ್ಕೆ 60, ಇನ್ನೊಂದರಲ್ಲಿ 40. ಐದು ಅಥವಾ ಹೆಚ್ಚು ಸಲ ಬಂಧನಕ್ಕೆ ಒಳಗಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 36, ಎರಡನೆಯದರಲ್ಲಿ 55. ಗುಂಪು ಚಿಕ್ಕದು, ಒಂದೇ ಊರಿನದು ಎಂಬ ಮಿತಿ ಇದ್ದರೂ ಒಂದು ಪಾಠ ಖಚಿತ: ಕೆಲವು ಫಲ ತಡವಾಗಿಯೇ ಕಾಣುತ್ತವೆ. ನಮ್ಮ ಅಂಗನವಾಡಿಗಳನ್ನು ಮೊದಲ ವರ್ಷದ ಅಕ್ಷರಮಾಲೆಯಿಂದ ಅಳೆಯುವವರು ಇದನ್ನು ನೆನಪಿನಲ್ಲಿಡಬೇಕು.

ಎರಡು ವರ್ಷದ ನಿಯಮಿತ ಅನುಸರಣೆಗೆ ನಮ್ಮ ಜಿಲ್ಲೆಯಲ್ಲೇ ಮಾದರಿ ಇದೆ. ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಹಾಗೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಕಟ್ಟಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಪದ್ಧತಿಯೇ ತರಬೇತಿ ಚಿಕ್ಕದು, ಅನುಸರಣೆ ದೀರ್ಘ ಎಂಬುದು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಪರ್ಕ ಇಟ್ಟುಕೊಂಡು, ಉದ್ಯೋಗ ಶುರುವಾಯಿತೇ, ಸಾಲ ಸಿಕ್ಕಿತೇ, ತೊಡಕೇನು ಎಂದು ವಿಚಾರಿಸಿ ನೆರವಾಗುತ್ತಾರೆ. ಮುಂದೆ ಇದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಇಲ್ಲಿ ವಿಚಾರಿಸುವುದೂ ನೆರವಾಗುವುದೂ ಒಟ್ಟಿಗೇ ನಡೆಯುತ್ತವೆ. ಹಾಗಾಗಿಯೇ ಜನ ಫೋನ್ ಎತ್ತುತ್ತಾರೆ.

ಸಿಗದವರ ಲೆಕ್ಕ

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಒಂದು ಹಾಸ್ಟೆಲಿನಿಂದ 100 ಹುಡುಗಿಯರು ಹೊರಬಂದರು ಎಂದುಕೊಳ್ಳೋಣ. ಐದು ವರ್ಷದ ನಂತರ 60 ಮಂದಿ ಸಿಕ್ಕರು, ಅವರಲ್ಲಿ 45 ಮಂದಿ ದುಡಿಯುತ್ತಿದ್ದಾರೆ. ವರದಿಯಲ್ಲಿ "ಶೇ. 75 ಯಶಸ್ಸು" ಎಂದು ಬರೆಯುವುದು ಸುಲಭ. ಸಿಗದ 40 ಮಂದಿಯಲ್ಲಿ ಯಾರೂ ದುಡಿಯುತ್ತಿಲ್ಲವಾದರೆ ನಿಜವಾದ ಸಂಖ್ಯೆ ಶೇ. 45. ಎಲ್ಲರೂ ದುಡಿಯುತ್ತಿದ್ದರೆ ಶೇ. 85. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಚೆನ್ನಾಗಿರುವವರು ಹಳೆ ವಿದ್ಯಾರ್ಥಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇರುತ್ತಾರೆ. ಓದು ಬಿಟ್ಟವರು, ಕೆಲಸ ಕಳೆದುಕೊಂಡವರು, ಮನೆಯಲ್ಲಿ ಕಷ್ಟದಲ್ಲಿರುವವರು ಕರೆಗೆ ಸಿಗುವುದೇ ಕಷ್ಟ. ನಮ್ಮ ಕೆಲಸ ಎಲ್ಲಿ ಸೋತಿದೆ ಎಂದು ಹೇಳಬಲ್ಲವರು ಅವರೇ. ಆದ್ದರಿಂದ ಸಮಯ, ಹಣದ ಹೆಚ್ಚಿನ ಪಾಲು ಸಿಗದವರನ್ನು ಹುಡುಕಲು ಹೋಗಬೇಕು. ಎಷ್ಟು ಮಂದಿ ಸಿಗಲಿಲ್ಲ ಎಂಬುದು ವರದಿಯ ಮೊದಲ ಪುಟದಲ್ಲೇ ಇರಬೇಕು.

ಕಾಲೇಜುಗಳು ಮೌಲ್ಯಮಾಪನ ಸಂಸ್ಥೆಯಾದ ನ್ಯಾಕ್‌ಗೆ ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಿದರು ಎಂಬ ಮಾಹಿತಿ ಕೊಡಬೇಕು. ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆ ಮಗು ಶಾಲೆಯೊಳಗಿರುವ ತನಕದ ದಾರಿಯನ್ನು ತೋರಿಸುತ್ತದೆ. ಎರಡೂ ಬೇಕು. ಆದರೆ ಬಾಗಿಲಿನಿಂದ ಹೊರಹೋದ ಎಲ್ಲರ ಮುಂದಿನ ಬದುಕು ಈ ಎರಡರಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ.

ಕೇಳುವ ಮೊದಲು ಒಪ್ಪಿಗೆ

ಬಾಲಮಂದಿರದಲ್ಲಿ ಬೆಳೆದ ಹುಡುಗಿ ಆ ವಿಷಯವನ್ನು ಗಂಡನ ಮನೆಯಲ್ಲಿ ಹೇಳಿರದೆ ಇರಬಹುದು. ನಾವು ಮಾಡುವ ಒಂದು ಅಜಾಗರೂಕ ಕರೆ ಅವಳ ನೆಮ್ಮದಿ ಕೆಡಿಸೀತು. ಸಂಸ್ಥೆ ಬಿಡುವಾಗಲೇ "ಮುಂದೆ ಸಂಪರ್ಕಿಸಬಹುದೇ, ಹೇಗೆ, ಯಾವ ಹೊತ್ತಿಗೆ?" ಎಂದು ಕೇಳಿ ಬರೆದುಕೊಳ್ಳಬೇಕು. ಬೇರೆಯವರು ಫೋನ್ ಎತ್ತಿದರೆ ಸಂಸ್ಥೆಯ ಹೆಸರು ಹೇಳಬಾರದು. ಚಿಕ್ಕವರಿದ್ದಾಗ ಪೋಷಕರು ಕೊಟ್ಟ ಒಪ್ಪಿಗೆಯನ್ನು 18 ತುಂಬಿದ ಮೇಲೆ ಅವರಿಂದಲೇ ಮತ್ತೆ ಪಡೆಯಬೇಕು. ಹೆಸರು ಒಂದು ಪುಸ್ತಕದಲ್ಲಿ, ಉತ್ತರ ಇನ್ನೊಂದರಲ್ಲಿ, ನಡುವೆ ಒಂದು ಸಂಕೇತ ಸಂಖ್ಯೆ ಇರಬೇಕು. ಬೇಡ ಎಂದವರನ್ನು ಮತ್ತೆ ಕೇಳಬಾರದು.

ನಮ್ಮೂರಿನಲ್ಲಿ ಶುರುಮಾಡುವುದು ಹೇಗೆ?

ಟಿಸಿ ಕೊಡುವ ದಿನವೇ ಒಂದು ಪುಟದ ಫಾರ್ಮ್ ತುಂಬಿಸಿಕೊಳ್ಳಿ. ಆರು ತಿಂಗಳು, ಎರಡು ವರ್ಷ, ಐದು ವರ್ಷ ಎಂದು ಮೂರು ಅವಧಿ ಗೊತ್ತುಮಾಡಿ. ಪ್ರಶ್ನೆ ಐದೇ ಸಾಕು: ಓದುತ್ತಿದ್ದೀರಾ, ದುಡಿಯುತ್ತಿದ್ದೀರಾ, ಎಲ್ಲಿ, ಇಲ್ಲಿ ಕಲಿತದ್ದರಲ್ಲಿ ಯಾವುದು ಉಪಯೋಗವಾಯಿತು, ಯಾವುದು ಸಿಗಬೇಕಿತ್ತು? ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಮಾತುಗಳಲ್ಲಿ ಇರಲಿ. ಕಲಿಸಿದ ಮೇಷ್ಟ್ರೇ ಕೇಳಿದರೆ ಸಂಕೋಚದಿಂದ "ಎಲ್ಲ ಒಳ್ಳೆದುಂಟು ಸರ್" ಎನ್ನುತ್ತಾರೆ. ಬೇರೆಯವರು ಕೇಳಲಿ.

ಮನೆಗೇ ಹೋಗುವುದಾದರೆ ಹೊತ್ತು ನೋಡಿ ಹೋಗಿ. ಬೆಂಗಳೂರು, ಗಲ್ಫ್‌ನಲ್ಲಿ ಇರುವವರು ಹಬ್ಬ, ಜಾತ್ರೆ, ನೇಮಗಳಿಗೆ ಊರಿಗೆ ಬರುತ್ತಾರೆ. ಜನವರಿಯಲ್ಲಿ ಸುಳ್ಯದ ಚೆನ್ನಕೇಶವ ದೇವರ ಜಾತ್ರೆ, ಏಪ್ರಿಲ್‌ನಲ್ಲಿ ಪುತ್ತೂರು ಜಾತ್ರೆ, ಈದ್‌ನ ರಜೆ ಇವೆಲ್ಲ ಒಳ್ಳೆಯ ಕಾಲ. ರಬ್ಬರ್ ತೋಟಗಳ ತಮಿಳು ಕಾಲೋನಿಗಳಿಗೆ ಹೋಗುವಾಗ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ. ಶ್ರೀಲಂಕಾದಿಂದ ಬಂದು ನೆಲೆಸಿದ ಆ ಕುಟುಂಬಗಳ ಮಕ್ಕಳು ಇಲ್ಲಿ ಓದಿ ಎಲ್ಲಿಗೆ ತಲುಪಿದರು ಎಂಬುದು ನಮ್ಮ ತಾಲೂಕು ಕೇಳಿಕೊಳ್ಳಲೇಬೇಕಾದ ಪ್ರಶ್ನೆ.

ಉತ್ತರ ಸಿಕ್ಕಿದ ಮೇಲೆ ಅದನ್ನು ಕೊಟ್ಟವರಿಗೇ ಮೊದಲು ತಿಳಿಸಬೇಕು. ಹೊಲಿಗೆ ಕಲಿತವರಲ್ಲಿ ಹೆಚ್ಚಿನವರ ಮಷಿನ್ ಮೂಲೆ ಸೇರಿದೆ ಎಂದು ತಿಳಿದರೆ ಮುಂದಿನ ವರ್ಷ ಅದೇ ತರಬೇತಿಯನ್ನು ಅದೇ ರೀತಿ ನಡೆಸಬಾರದು. ಉದ್ಘಾಟನೆಗೆ ಹಣ ಇಡುವ ಪ್ರತಿ ಯೋಜನೆಯೂ ಐದನೇ ವರ್ಷದ ವಿಚಾರಣೆಗೂ ಒಂದು ಪಾಲನ್ನು ಅಂದೇ ಎತ್ತಿಡಲಿ. ಈ ವರ್ಷ ಹತ್ತನೇ ತರಗತಿ ಮುಗಿಸುವ ಮಕ್ಕಳಿಂದಲೇ ಇದನ್ನು ಶುರುಮಾಡಬಹುದು. ಮೂವರ ನಂಬರ್ ಬರೆದುಕೊಳ್ಳಲು ಒಬ್ಬರಿಗೆ ಹತ್ತು ನಿಮಿಷ ಸಾಕು.