ಆಟೋ ಆ್ಯಪ್‌ನೊಳಗ ಹ್ಯಾಸ್ಕೆಲ್ ಏನ್ ಮಾಡತದ?

ಮೊನ್ನೆ ಹೊಸೂರು ಬಸ್ ಸ್ಟ್ಯಾಂಡ್ ಮುಂದ ನಿಂತು ಆಟೋ ಬುಕ್ ಮಾಡಿದೆ. ಡ್ರೈವರ್ ಹೆಸರು ಬರಬೇಕಾದ ಜಾಗದಾಗ ‘ನಲ್’ ಅಂತ ಬಂತು, ಮರುಕ್ಷಣ ಆ್ಯಪ್ಪೇ ಮುಚ್ಚಿಕೊಂಡಿತು. ಯಾವ ಆ್ಯಪ್ ಅನ್ನೋದು ಬ್ಯಾಡ ಬಿಡ್ರಿ. ‘ನಲ್’ ಅಂದ್ರ ಇಲ್ಲಿ ಮಾಹಿತಿ ಇಲ್ಲ ಅಂತ. ಮಾಹಿತಿ ಇದ್ದೇ ಇರತದ ಅಂತ ನಂಬಿ ಕೋಡ್ ಬರೆದಾಗ ಇಂಥ ಫಜೀತಿ ಆಗತದ.

2022ರ ನವೆಂಬರ್‌ನಲ್ಲಿ ಬೆಂಗಳೂರಿನಾಗ ಶುರುವಾದ ‘ನಮ್ಮ ಯಾತ್ರಿ’ ನಿಮಗ ಗೊತ್ತಿರಬೇಕು. ಆಟೋ ಚಾಲಕರ ಸಂಘದ ಜೊತೆ ಸೇರಿ ಅದನ್ನ ಕಟ್ಟಿದ ಜಸ್‌ಪೇ ಕಂಪನಿಯವರು ಸರ್ವರ್‌ಗೆ ಹ್ಯಾಸ್ಕೆಲ್, ಮೊಬೈಲ್ ಪರದೆಗೆ ಪ್ಯೂರ್‌ಸ್ಕ್ರಿಪ್ಟ್ ಆರಿಸಿಕೊಂಡರು. ಎರಡೂ ಫಂಕ್ಷನಲ್ ಭಾಷೆಗಳು. ಇವುಗಳಲ್ಲಿ ‘ಇರಬಹುದು, ಇಲ್ಲದಿರಬಹುದು’ ಅನ್ನೋ ಮಾಹಿತಿಗೆ ‘ಮೇಬಿ’ ಅಂತ ಬೇರೆ ಟೈಪೇ ಅದ. ಹೆಸರು ‘ಮೇಬಿ’ ಆಗಿದ್ರ ಅದನ್ನ ಸೀದಾ ಪರದೆ ಮ್ಯಾಲ ಹಾಕಾಕ ಕಂಪೈಲರ್ ಬಿಡೂದಿಲ್ಲ. ಹೆಸರು ಬರಲಿಲ್ಲಂದ್ರ ಏನ್ ತೋರಸ್ತಿ, ಮೊದಲು ಹೇಳು ಅಂತದ. ಅಂದ್ರ ತಪ್ಪು ನಿಮ್ಮ ಫೋನಿಗೆ ಬರೋ ಮೊದಲೇ ಪ್ರೋಗ್ರಾಮರ್ ಮುಂದ ಬಂದು ನಿಲ್ಲತದ.

ನಾನು ಬಿ.ಕಾಂ. ಓದಿದ್ದಕ್ಕ ಎರಡನೇ ಸಂಗತಿ ಬೇಗ ತಿಳೀತು. ಲೆಡ್ಜರ್‌ನಾಗ ಎಂಟ್ರಿ ತಪ್ಪಾದ್ರ ನಾವು ವೈಟ್ನರ್ ಹಚ್ಚಿ ಅಳಿಸೂದಿಲ್ಲ, ರಿವರ್ಸ್ ಎಂಟ್ರಿ ಹಾಕ್ತೀವಿ. ಇಲ್ಲಿಯೂ ಹಂಗ. ಒಮ್ಮೆ ಇಟ್ಟ ಬೆಲೆ ಬದಲಾಗೂದಿಲ್ಲ, ಬದಲಾವಣೆ ಬೇಕಂದ್ರ ಹೊಸದನ್ನ ಮಾಡಬೇಕು. ಬಾಡಿಗೆ ಲೆಕ್ಕ ಹಾಕೋ ಫಂಕ್ಷನ್‌ಗೆ ಅದೇ ದೂರ, ಅದೇ ಹೊತ್ತು, ಅದೇ ದರ ಕೊಟ್ರ ಉತ್ತರಾನೂ ಅದೇ. ನಡುವ ಕಳ್ಳತನದಿಂದ ಇಂಟರ್‌ನೆಟ್‌ಗೆ ಹೋಗಿ ಬರಂಗಿಲ್ಲ. ಹೋಗೋದಿದ್ರ ಅದನ್ನ ಟೈಪ್‌ನಲ್ಲೇ ಬರೆದಿರಬೇಕು. ಆದ್ರ ದರಾನೇ ತಪ್ಪು ಬರೆದ್ರ ಯಾವ ಕಂಪೈಲರ್ರೂ ಕಾಪಾಡೂದಿಲ್ಲ ಮತ್ತ.

ಫೋನಿಗೆ ಹ್ಯಾಂಗ ಬರತದ? ಪ್ಯೂರ್‌ಸ್ಕ್ರಿಪ್ಟ್ ಕೋಡ್ ಜಾವಾಸ್ಕ್ರಿಪ್ಟ್ ಆಗಿ ಬದಲಾಗತದ. ಜಿಪಿಎಸ್‌ನಂಥ ಕೆಲಸಕ್ಕ ಆಂಡ್ರಾಯ್ಡ್‌ನ ಜಾವಾ, ಕಾಟ್ಲಿನ್ ಕೋಡೂ ಜೊತೆಗಿರಬೇಕು.

ಧಾರವಾಡದ ಕೇಳುಗರೊಬ್ಬರು, “ಇದನ್ನ ಕಲಿತ್ರ ಕೆಲಸ ಸಿಗತದೇನ್ರಿ?” ಅಂತ ಮೆಸೇಜ್ ಹಾಕಿದ್ರು. ನೇರ ಹೇಳಬೇಕಂದ್ರ, ಬರೀ ಹ್ಯಾಸ್ಕೆಲ್ ನೆಚ್ಚಿಕೊಂಡು ಕೂಡಬ್ಯಾಡ್ರಿ. ಕರೆಯೋ ಕಂಪನಿ ಕಡಿಮೆ, ಕಲಿಯಾಕ ಹಿಡಿಯೋ ಸಮಯ ಜಾಸ್ತಿ. ಆಂಡ್ರಾಯ್ಡ್ ಕೆಲಸ ಬೇಕಂದ್ರ ಮೊದಲು ಕಾಟ್ಲಿನ್. ಅದರಾಗ ‘ಸ್ಟ್ರಿಂಗ್’ ಮುಂದ ಪ್ರಶ್ನಾರ್ಥಕ ಚಿಹ್ನೆ ಇಡ್ತಾರಲ್ಲ, ಅದೂ ಈ ‘ಮೇಬಿ’ ವಿಚಾರದ ಸಂಬಂಧೀನೇ. ನಮ್ಮ ಯಾತ್ರಿ ಕೋಡ್ ಗಿಟ್‌ಹಬ್‌ನಾಗ ಎಲ್ಲರಿಗೂ ತೆರೆದದ, ಫೀ ಇಲ್ಲ. ಹೋಗಿ ‘ಮೇಬಿ’ ಅಂತ ಹುಡುಕ್ರಿ, ಒಂದೊಂದು ಕಡೆ ಏನಿಲ್ಲದಿರಬಹುದು ಅಂತ ಅವರು ಮೊದಲೇ ಯೋಚಿಸಿದ್ದಾರ ಅನ್ನೋದು ಕಾಣತದ.